ಮುಂಗಡ ವೈದ್ಯಕೀಯ ನಿರ್ದೇಶನ ಬರೆದಿಡುವ ಬಗೆ: ಬಳ್ಳಾರಿ, ಕೊಪ್ಪಳ, ರಾಯಚೂರಿನವರಿಗಾಗಿ

ಗುಣವಾಗುವ ಭರವಸೆ ಉಳಿಯದ ಹಂತದಲ್ಲಿ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಬುದ್ಧಿ ಸ್ಥಿಮಿತದಲ್ಲಿರುವಾಗಲೇ ಬರೆದಿಡುವ ಪತ್ರವೇ ಮುಂಗಡ ವೈದ್ಯಕೀಯ ನಿರ್ದೇಶನ. ಇದಕ್ಕೆ ಲಿವಿಂಗ್ ವಿಲ್ ಎಂಬ ಹೆಸರೂ ಇದೆ. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಇದಕ್ಕೆ ಮಾನ್ಯತೆ ನೀಡಿತಾದರೂ, ಪತ್ರಕ್ಕೆ ಜೆಎಂಎಫ್‌ಸಿ (ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿ) ನ್ಯಾಯಾಧೀಶರ ಮೇಲುಸಹಿ ಬೇಕೆಂಬ ಷರತ್ತಿನಿಂದಾಗಿ ಅದು ಜನಸಾಮಾನ್ಯರ ಕೈಗೆಟುಕಲಿಲ್ಲ. 2023ರ ಜನವರಿ 24ರಂದು ನ್ಯಾಯಾಲಯ ಆ ಷರತ್ತನ್ನು ಕೈಬಿಟ್ಟು, ನೋಟರಿ ಅಥವಾ ಪತ್ರಾಂಕಿತ ಅಧಿಕಾರಿಯ ದೃಢೀಕರಣ ಸಾಕೆಂದು ಹೇಳಿತು. ಇದನ್ನು ಆಸ್ಪತ್ರೆಗಳು ಹೇಗೆ ಜಾರಿಗೆ ತರಬೇಕೆಂದು ತಿಳಿಸುವ ಸುತ್ತೋಲೆಯನ್ನು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಹೊರಡಿಸಿತು.

ಮೊದಲಿಗೇ ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡಬೇಕು. ಇದು ಇಂಜೆಕ್ಷನ್ ಕೊಟ್ಟು ಪ್ರಾಣ ತೆಗೆಯುವ ವ್ಯವಸ್ಥೆಯಲ್ಲ; ಅದು ನಮ್ಮ ದೇಶದಲ್ಲಿ ಇಂದಿಗೂ ಅಪರಾಧ. ರೋಗವನ್ನು ವಾಸಿ ಮಾಡಲಾರದೆ ಸಾವನ್ನು ಮುಂದೂಡುತ್ತ ಮಾತ್ರ ಇರುವ ಯಂತ್ರಗಳನ್ನು ಹಚ್ಚದಿರಲು ಅಥವಾ ಹಚ್ಚಿದ್ದನ್ನು ತೆಗೆಯಲು ಇದು ಅನುಮತಿ ನೀಡುತ್ತದೆ. ನೋವು ಕಡಿಮೆ ಮಾಡುವ ಔಷಧ, ಶುಚಿತ್ವ ಮತ್ತು ಆರೈಕೆ ಕೊನೆಯವರೆಗೂ ನಡೆಯಲೇಬೇಕು.

ಹದಿನೆಂಟು ದಾಟಿದ, ಮಾನಸಿಕವಾಗಿ ಸ್ವಸ್ಥರಾಗಿರುವ ಯಾರೂ ಇದನ್ನು ಬರೆಯಬಹುದು. ಪತ್ರ ಯಾರ ಒತ್ತಾಯವೂ ಇಲ್ಲದೆ, ಪರಿಣಾಮಗಳನ್ನು ತಿಳಿದು ಬರೆದದ್ದಾಗಿರಬೇಕು. ಆಸ್ತಿಯ ಉಯಿಲನ್ನು ಇದರೊಳಗೆ ಸೇರಿಸಬಾರದು. ಅದು ಬೇರೆಯೇ ಪತ್ರ.

ಬಹುತೇಕ ಕಷ್ಟವಿರುವುದು ಒಕ್ಕಣೆಯಲ್ಲಿ. ನಮ್ಮ ಕಡೆಯ ಹಿರಿಯರು ತಮ್ಮ ಇಚ್ಛೆಯನ್ನು ಹೇಳದೆ ಇರುವುದಿಲ್ಲ. ‘ನಂಗ ಆ ಪೈಪ್ ಹಾಕಿ ಮಲಗಸಬ್ಯಾಡ್ರಪಾ, ಮನಿಗೆ ಕರಕೊಂಡು ಬರ್ರಿ’ ಎಂಬ ಮಾತು ಎಷ್ಟೋ ಮನೆಗಳಲ್ಲಿ ಕೇಳಿಬಂದಿರುತ್ತದೆ. ಆದರೆ ಐಸಿಯು ಬಾಗಿಲಲ್ಲಿ ನಿಂತ ವೈದ್ಯರಿಗೆ ಆ ಮಾತೊಂದೇ ಆಧಾರವಾಗದು. ಯಾವ ಪೈಪ್, ಯಾವ ಸ್ಥಿತಿಯಲ್ಲಿ ಎಂಬುದು ಸ್ಪಷ್ಟವಾಗಬೇಕು. ನ್ಯುಮೋನಿಯಾ ಆದಾಗ ನಾಲ್ಕು ದಿನ ವೆಂಟಿಲೇಟರ್ ಹಚ್ಚಿ ಗುಣವಾಗಿ ಮನೆಗೆ ಬರುವವರೂ ಇದ್ದಾರೆ. ಪತ್ರ ಅಸ್ಪಷ್ಟವಾಗಿದ್ದರೆ, ಅದನ್ನು ಪರಿಶೀಲಿಸುವ ವೈದ್ಯರ ಮಂಡಳಿ ಜಾರಿಗೆ ತರುವುದಿಲ್ಲ. ಆದ್ದರಿಂದ ಆ ಮಾತನ್ನು ಹೀಗೆ ಬರೆಯುವುದು ಒಳ್ಳೆಯದು: ‘ನನ್ನ ಕಾಯಿಲೆ ಗುಣವಾಗುವ ಸಾಧ್ಯತೆ ಇಲ್ಲವೆಂದು ವೈದ್ಯರು ತೀರ್ಮಾನಿಸಿ, ನಾನು ಸ್ವತಃ ನಿರ್ಧಾರ ಹೇಳುವ ಶಕ್ತಿಯನ್ನು ಕಳೆದುಕೊಂಡಿದ್ದ ಪಕ್ಷದಲ್ಲಿ, ನನಗೆ ವೆಂಟಿಲೇಟರ್ ಅಳವಡಿಸಬಾರದು; ಹೃದಯ ನಿಂತರೆ ಎದೆ ಒತ್ತಿ ಮರುಚಾಲನೆಗೆ ಯತ್ನಿಸಬಾರದು; ಡಯಾಲಿಸಿಸ್ ಮಾಡಬಾರದು; ಈಗಾಗಲೇ ಆರಂಭಿಸಿದ್ದರೆ ನಿಲ್ಲಿಸಬೇಕು. ನೋವು ಮತ್ತು ಉಸಿರಾಟದ ಸಂಕಟಕ್ಕೆ ಔಷಧ ಕೊಡಬೇಕು. ಸಾಧ್ಯವಾದರೆ ನನ್ನನ್ನು ಮನೆಗೆ ಕಳುಹಿಸಬೇಕು.’ ಮೂಗಿನ ಕೊಳವೆಯ ಮೂಲಕ ಆಹಾರ ಕೊಡುವ ವಿಚಾರದಲ್ಲಿ ಕುಟುಂಬದವರ ಮನಸ್ಸು ಹೆಚ್ಚು ಹೊಯ್ದಾಡುತ್ತದೆಯಾದ್ದರಿಂದ, ಬೇಕೋ ಬೇಡವೋ ಎಂಬುದನ್ನು ಪ್ರತ್ಯೇಕ ವಾಕ್ಯದಲ್ಲೇ ಬರೆಯಿರಿ. ಬರೆಯುವ ಮುನ್ನ ಪರಿಚಯದ ವೈದ್ಯರೊಬ್ಬರ ಜೊತೆ ಕುಳಿತು ಮಾತನಾಡುವುದು ಅತ್ಯಗತ್ಯವೆಂದು ನಾನು ಭಾವಿಸುತ್ತೇನೆ.

ಮುಂದಿನದು, ನಿಮ್ಮ ಪರವಾಗಿ ಒಪ್ಪಿಗೆ ನೀಡಬೇಕಾದವರ ಹೆಸರು. ಒಬ್ಬರಿಗಿಂತ ಹೆಚ್ಚು ಜನರನ್ನು ಹೆಸರಿಸಲು ಅವಕಾಶವಿದೆ, ಹೆಸರಿಸಬೇಕು ಕೂಡ. ಹಿರಿಯ ಮಗನೆಂಬ ಕಾರಣಕ್ಕೆ ಬೆಂಗಳೂರಿನಲ್ಲಿರುವವರ ಹೆಸರನ್ನಷ್ಟೇ ಬರೆದರೆ, ಅವರು ರಾತ್ರಿ ರೈಲು ಹಿಡಿದು ಬರುವುದರೊಳಗೆ ಎಲ್ಲವೂ ಆಗಿಹೋಗಿರಬಹುದು. ಊರಲ್ಲೇ ಇರುವ ಮಗಳು, ಸೊಸೆ ಅಥವಾ ತಮ್ಮನ ಹೆಸರನ್ನೂ ಸೇರಿಸಿ. ಮುಖ್ಯವಾಗಿ, ಹೆಸರಿಸಿದವರನ್ನೆಲ್ಲ ಕೂರಿಸಿಕೊಂಡು ಪತ್ರವನ್ನು ಓದಿ ಹೇಳಿ. ಕಡೆಯ ಗಳಿಗೆಯಲ್ಲಿ ‘ಅಪ್ಪನನ್ನು ನಾವೇ ಕೈಬಿಟ್ಟೆವು’ ಎಂಬ ಅಳುಕು ಮಕ್ಕಳನ್ನು ಕಾಡದಿರಬೇಕಾದರೆ, ಅದು ಅಪ್ಪನದೇ ಇಚ್ಛೆಯೆಂದು ಅವರ ಬಾಯಿಂದಲೇ ಕೇಳಿರಬೇಕು.

ಪತ್ರಕ್ಕೆ ಇಬ್ಬರು ಸಾಕ್ಷಿಗಳ ಎದುರಿನಲ್ಲಿ ಸಹಿ ಮಾಡಬೇಕು. ಸಾಕ್ಷಿಗಳು ಆದಷ್ಟು ಸಂಬಂಧಿಕರಲ್ಲದವರಾಗಿರಲಿ. ಆಮೇಲೆ ನೋಟರಿಯವರಿಂದಾಗಲಿ, ತಹಶೀಲ್ದಾರರಂತಹ ಪತ್ರಾಂಕಿತ ಅಧಿಕಾರಿಯಿಂದಾಗಲಿ ದೃಢೀಕರಣ ಪಡೆಯಬೇಕು. ಓದು ಬರಹ ಬಾರದವರು ಹೆಬ್ಬೆಟ್ಟು ಒತ್ತಬಹುದು. ಆಗ ಪತ್ರವನ್ನು ಅವರಿಗೆ ಓದಿ ಹೇಳಿ ತಿಳಿಸಲಾಗಿದೆ ಎಂಬ ಸಾಲೊಂದನ್ನು ಸೇರಿಸುವುದು ಕ್ಷೇಮ. ಬಳ್ಳಾರಿ, ಸಿರುಗುಪ್ಪ, ಸಿಂಧನೂರು ಸೀಮೆಯಲ್ಲಿ ತೆಲುಗು, ಉರ್ದು, ಲಂಬಾಣಿ ಮನೆಮಾತಿನವರು ಬಹಳ ಜನರಿರುವುದರಿಂದ, ಯಾವ ಭಾಷೆಯಲ್ಲಿ ಓದಿ ಹೇಳಲಾಯಿತೆಂಬುದನ್ನೂ ನಮೂದಿಸಿ.

ಒಂದು ಪ್ರತಿಯನ್ನು ಹೆಸರಿಸಿದವರಿಗೆ, ಇನ್ನೊಂದನ್ನು ಕುಟುಂಬದ ವೈದ್ಯರಿಗೆ, ಮತ್ತೊಂದನ್ನು ಸ್ಥಳೀಯ ಸಂಸ್ಥೆಗೆ, ಅಂದರೆ ಮಹಾನಗರ ಪಾಲಿಕೆ, ನಗರಸಭೆ ಅಥವಾ ಗ್ರಾಮ ಪಂಚಾಯಿತಿಗೆ ಕೊಡಬೇಕು. ಪತ್ರವನ್ನು ಕಾಯ್ದಿಡುವ ಅಧಿಕಾರಿಯನ್ನು ನೇಮಿಸುವುದು ಆ ಸಂಸ್ಥೆಯ ಹೊಣೆ. ಪಂಚಾಯಿತಿಯ ಸಿಬ್ಬಂದಿಗೆ ಇದು ಹೊಸ ವಿಷಯವಾಗಿರಬಹುದು, ಹಾಗಾಗಿ ಬರೀ ಕೈಗೆ ಕೊಟ್ಟು ಬರದೆ ಅರ್ಜಿಯೊಂದಿಗೆ ಕಚೇರಿಯ ಟಪಾಲು ವಿಭಾಗದಲ್ಲಿ ಸಲ್ಲಿಸಿ, ಮೊಹರು ಹಾಕಿದ ಸ್ವೀಕೃತಿ ಪಡೆಯಿರಿ. ಡಿಜಿಟಲ್ ಆರೋಗ್ಯ ದಾಖಲೆ ಇದ್ದರೆ ಅದಕ್ಕೂ ಸೇರಿಸಬಹುದು. ತಿಜೋರಿಯಲ್ಲಿ ಮುಚ್ಚಿಟ್ಟ ಪತ್ರ ಯಾರಿಗೂ ಉಪಯೋಗವಿಲ್ಲ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಲಿಖಿತವಾಗಿ ಹಿಂಪಡೆಯಬಹುದು. ಎರಡು ಪತ್ರಗಳಿದ್ದರೆ ಕೊನೆಗೆ ಸಹಿ ಮಾಡಿದ್ದೇ ಊರ್ಜಿತ.

ಆಸ್ಪತ್ರೆಯಲ್ಲಿ ಪತ್ರ ತಾನಾಗಿಯೇ ಜಾರಿಗೆ ಬರುವುದಿಲ್ಲ. ಚಿಕಿತ್ಸೆ ನೀಡುತ್ತಿರುವ ವೈದ್ಯರು ಮತ್ತು ಕನಿಷ್ಠ 5 ವರ್ಷದ ಅನುಭವವುಳ್ಳ ಇಬ್ಬರು ತಜ್ಞರ ಪ್ರಾಥಮಿಕ ಮಂಡಳಿ ಮೊದಲು ರೋಗಿಯನ್ನು ಪರೀಕ್ಷಿಸುತ್ತದೆ. ಅದರ ಅಭಿಪ್ರಾಯವನ್ನು ಎರಡನೇ ಮಂಡಳಿ ಮತ್ತೆ ಪರಿಶೀಲಿಸುತ್ತದೆ. ಅದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರಿರುತ್ತಾರೆ, ಮೊದಲ ಮಂಡಳಿಯಲ್ಲಿದ್ದ ಯಾರೂ ಇರುವಂತಿಲ್ಲ. ಪ್ರತಿ ಮಂಡಳಿಯೂ ಆದಷ್ಟು 48 ಗಂಟೆಯೊಳಗೆ ತೀರ್ಮಾನಿಸಬೇಕು. ಎರಡೂ ಒಪ್ಪಿ, ಹೆಸರಿಸಿದವರೂ ಸಮ್ಮತಿಸಿದ ಮೇಲೆ ಆಸ್ಪತ್ರೆ ಆ ನಿರ್ಧಾರವನ್ನು ಜೆಎಂಎಫ್‌ಸಿ ನ್ಯಾಯಾಲಯಕ್ಕೆ ತಿಳಿಸಿ, ಬಳಿಕವೇ ಯಂತ್ರವನ್ನು ತೆಗೆಯಬೇಕು. ಪತ್ರ ಬರೆಯದವರ ವಿಷಯದಲ್ಲೂ ಹತ್ತಿರದ ಬಂಧುಗಳ ಒಪ್ಪಿಗೆಯೊಂದಿಗೆ ಇದೇ ಎರಡು ಮಂಡಳಿಗಳ ಮೂಲಕವೇ ಹೋಗಬೇಕು. ಸುಪ್ರೀಂ ಕೋರ್ಟಿನ ಮಾರ್ಗಸೂಚಿ ದೇಶಕ್ಕೆಲ್ಲ ಅನ್ವಯಿಸುವುದರಿಂದ, ರಾಯಚೂರಿನಿಂದ ಹೈದರಾಬಾದಿಗೆ ಚಿಕಿತ್ಸೆಗೆ ಹೋದವರು ಅಲ್ಲಿಯೂ ಈ ಪತ್ರವನ್ನು ತೋರಿಸಬಹುದು.

ಮಂಡಳಿ ಒಪ್ಪದಿದ್ದರೆ, ಪತ್ರದಲ್ಲಿ ಹೆಸರಿರುವವರು ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು. ಬಳ್ಳಾರಿ ಮತ್ತು ಕೊಪ್ಪಳದವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ. ಅಲ್ಲಿಗೆ ಹೋಗುವಾಗ ಮಂಡಳಿಯ ಅಭಿಪ್ರಾಯ ಲಿಖಿತವಾಗಿ ಕೈಯಲ್ಲಿರಬೇಕಾಗುತ್ತದೆ, ಆದ್ದರಿಂದ ಅದರ ಪ್ರತಿಯನ್ನು ಆಸ್ಪತ್ರೆಯಿಂದ ಅಂದೇ ಕೇಳಿ ಪಡೆದುಕೊಳ್ಳಿ.