ಬಂಡಿದಾರಿ ಹಿಡಿದು ಮೆಟ್ರೊಗೆ

ನಕ್ಷೆಯ ಮೇಲೆ ಸ್ಕೇಲಿಟ್ಟು ಅಳೆದರೆ ನಮ್ಮ ಸೈಟಿನ ನಡುವಿನಿಂದ ಮೆಟ್ರೊ ನಿಲ್ದಾಣಕ್ಕೆ 650 ಮೀಟರ್. ಮುಖ್ಯ ಗೇಟಿನಿಂದ ಹೊರಟು ರಸ್ತೆ ಹಿಡಿದು ನಡೆದರೆ 1,900 ಮೀಟರ್. 2015ರಲ್ಲಿ ಬೆಂಗಳೂರಿನ ಕನಕಪುರ ರಸ್ತೆ ಬದಿಯ ನಲವತ್ತು ಎಕರೆ ವಸತಿ ಸಮುಚ್ಚಯದ ವಿನ್ಯಾಸ ನಮ್ಮ ಪುಟ್ಟ ಕಚೇರಿಗೆ ಬಂದಾಗ ಬ್ರೋಷರ್ ಆಗಲೇ ಅಚ್ಚಾಗಿತ್ತು: 'ಮೆಟ್ರೊಗೆ ಐದೇ ನಿಮಿಷ'. ಆರಾಮಾಗಿ ನಡೆಯುವವರು ಐದು ನಿಮಿಷಕ್ಕೆ ಸುಮಾರು 400 ಮೀಟರ್ ಸಾಗುತ್ತಾರೆ. ಹಾರಿಕೊಂಡು ಹೋದರೂ ಮುಟ್ಟುವ ಹಾಗಿರಲಿಲ್ಲ. ಹಾಗೆ ನೋಡಿದರೆ ನಿಲ್ದಾಣವೇ ಆಗ ಇರಲಿಲ್ಲ. ಮೆಟ್ರೊ ಎರಡನೇ ಹಂತಕ್ಕೆ ಹಿಂದಿನ ವರ್ಷವಷ್ಟೇ ಕೇಂದ್ರದ ಒಪ್ಪಿಗೆ ಸಿಕ್ಕಿತ್ತು.

ನಾನು ಮೊದಲು ಬರೆದ ನಕ್ಷೆಯನ್ನು ಈಗ ನೋಡಿದರೆ ನಾಚಿಕೆಯಾಗುತ್ತದೆ. ಸುತ್ತ ಟವರುಗಳು, ನಡುವೆ ಅಂಡಾಕಾರದ ದೊಡ್ಡ ಹುಲ್ಲುಹಾಸು, ಅದರ ಅಡಿಗೆ ಎರಡು ಅಂತಸ್ತಿನ ಪಾರ್ಕಿಂಗ್. ಬಣ್ಣದ ಪ್ರಿಂಟಿನಲ್ಲಿ ಎಲ್ಲ ಹಸಿರೋ ಹಸಿರು. ಆದರೆ ಸ್ಲ್ಯಾಬಿನ ಮೇಲೆ ಒಂದು, ಒಂದೂಕಾಲು ಮೀಟರ್ ಮಣ್ಣು ಸುರಿದರೆ ಹುಲ್ಲು, ದಾಸವಾಳ ಬಂದಾವು. ಹೊಂಗೆ, ನೇರಳೆ ಬೇರು ಬಿಟ್ಟು ದೊಡ್ಡದಾಗುವ ಜಾಗವಲ್ಲ ಅದು. ಮಳೆನೀರೂ ಇಂಗದೆ ಪೈಪಿನಲ್ಲಿ ಹರಿದುಹೋಗುತ್ತದೆ. ಅದು ನಿಜವಾಗಿ ಹಸಿರು ಬಳಿದ ತಾರಸಿ.

ದಾರಿ ತೋರಿಸಿದ್ದು ಗ್ರಾಮ ನಕ್ಷೆ. ಕಾಲುವೆಯ ಏರಿಗುಂಟ ಜೋಡಿ ಚುಕ್ಕೆಗೆರೆಯೊಂದು ಸೈಟನ್ನು ಹಾದು ಸೀದಾ ಕನಕಪುರ ರಸ್ತೆಗೆ ಹೋಗಿತ್ತು. ಸರ್ವೇಯರ್ ಅದನ್ನು 'ಬಿ ಖರಾಬು' ಎಂದು ಗುರುತಿಸಿ ಸುಮ್ಮನಾಗಿದ್ದ. ಅಂದರೆ ಸಾರ್ವಜನಿಕರ ನೆಲ, ಮಾರುವುದಕ್ಕೂ ಕಟ್ಟುವುದಕ್ಕೂ ಬಾರದು. ಅದನ್ನು ಸೈಟಿನ ಅಂಚಿಗೆ ತಳ್ಳಿಸಲು ಡೆವಲಪರ್ ಕಡೆಯವರು ಅರ್ಜಿ ಬರೆಯುತ್ತಿದ್ದರು. ಲಂಟಾನ ಕಡಿಸಿ ಆ ಗೆರೆಯ ಮೇಲೆ ನಡೆದುಕೊಂಡು ಹೋದೆ. ದನ ಮೇಯಿಸುತ್ತಿದ್ದ ಹಿರಿಯರೊಬ್ಬರು ಜೊತೆಗೂಡಿದರು.

"ಯಜಮಾನ್ರೆ, ಇದು ಎಲ್ಲಿಗೆ ಹೋಗುತ್ತೆ?"

"ಬಂಡಿದಾರಿ ಕಣಮ್ಮ. ಗೂಡಿನ ಮೂಟೆ ಹೊತ್ಕೊಂಡು ಇಲ್ಲಿಂದ್ಲೇ ದೊಡ್ಡರಸ್ತೆಗೋಗಿ ಬಸ್ ಮೇಲಾಕ್ತಿದ್ದೋ."

ರೇಷ್ಮೆಗೂಡು ಹೊತ್ತವರು ಬಳಸುದಾರಿ ಹಿಡಿಯುತ್ತಾರೆಯೇ? ಗಡಿಯಾರ ನೋಡಿಕೊಂಡೆ. ಸೈಟಿನ ನಡುವಿನಿಂದ ನಿಲ್ದಾಣ ಬರಲಿದ್ದ ಜಾಗಕ್ಕೆ ಒಂಬತ್ತೂವರೆ ನಿಮಿಷ.

ಅಂದೇ ಸಂಜೆ ಅಂಡಾಕಾರದ ಲಾನ್ ಅಳಿಸಿದೆ. ಬಂಡಿದಾರಿ ಇದ್ದಲ್ಲೇ ಇರಲಿ, ಅದೇ ಇಡೀ ಬಡಾವಣೆಯ ಬೆನ್ನೆಲುಬಾಗಲಿ, ಅದರ ಪಕ್ಕದ ಕಾಲುವೆ ಬಫರೇ (ಕಾಲುವೆ ಬದಿಗೆ ಕಟ್ಟದೆ ಬಿಡಬೇಕಾದ ನೆಲ) ನಮ್ಮ ಪಾರ್ಕ್ ಆಗಲಿ ಎಂದು ಹೊಸದಾಗಿ ಶುರುಮಾಡಿದೆವು. ಬೆಂಗಳೂರಿನ 2015ರ ಮಾಸ್ಟರ್ ಪ್ಲಾನ್ ಪ್ರಕಾರ ಎರಡನೇ ದರ್ಜೆಯ ರಾಜಕಾಲುವೆಗೆ, ಅಂದರೆ ಮಳೆನೀರಿನ ಕಾಲುವೆಗೆ, ನಡುಗೆರೆಯಿಂದ 25 ಮೀಟರ್ ಬಿಡಬೇಕಿತ್ತು. ಅಲ್ಲಿ ಮನೆ ಕಟ್ಟುವಂತಿರಲಿಲ್ಲ, ಆದರೆ ಕಾಲುದಾರಿಗೆ ಅಡ್ಡಿಯಿರಲಿಲ್ಲ. ಬಹಳ ಮಂದಿ ಇದನ್ನು ಕಳೆದುಹೋದ ನೆಲವೆಂದೇ ಬೇಲಿ ಹಾಕಿ ಜನರೇಟರ್ ಇಡುತ್ತಾರೆ.

2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿಯ ಆದೇಶ ಬಂತು: ಎರಡನೇ ದರ್ಜೆಯ ಕಾಲುವೆಗೆ ಅಂಚಿನಿಂದಲೇ 35 ಮೀಟರ್. ನಮ್ಮ ಕಾಲುವೆ ಆರು ಮೀಟರ್ ಅಗಲ, ಹಾಗಾಗಿ ಬಫರಿಗೆ ಇನ್ನೂ ಹದಿಮೂರು ಮೀಟರ್ ಸೇರಿತು. ಉದ್ದಕ್ಕೆ ಗುಣಿಸಿದರೆ ಒಂದೂಕಾಲು ಎಕರೆಗೂ ಮಿಕ್ಕು. ಡೆವಲಪರ್ ತಲೆಯ ಮೇಲೆ ಕೈಹೊತ್ತು ಕೂತರು. ನಾನು ಅವರ ಮುಂದೆ ಖುಷಿ ತೋರಿಸದೆ ಒಂದು ಟವರ್ ಹಿಂದಕ್ಕೆ ಸರಿಸಿ, ಮರುವರ್ಷದ ಮುಂಗಾರಿಗೆ ಹೊಂಗೆ, ಮತ್ತಿ, ನೇರಳೆ ನೆಡಿಸಿದೆ. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಮಾರನೆಯ ದಿನವೇ ಫೋನು: "ಮೇಡಂ, ಆ ಹದಿಮೂರು ಮೀಟರ್ ವಾಪಸ್ ಬಂತಲ್ಲ?"

ಚೌಕಾಸಿ ಎರಡು ತಿಂಗಳು ನಡೆಯಿತು. ಮರಗಳಿದ್ದ ಏಳು ಮೀಟರ್ ಉಳಿಯಿತು, ಆರು ಮೀಟರ್ ಸಾಲುಮನೆಗಳ ಹಿತ್ತಿಲಿಗೆ ಹೋಯಿತು. ಹಿತ್ತಿಲ ಗೋಡೆ ಮೂರಡಿ ಮೀರಬಾರದು, ಪ್ರತಿ ಮನೆಗೂ ದಾರಿಯ ಕಡೆಗೊಂದು ಪುಟ್ಟ ಗೇಟು ಇರಬೇಕು ಎಂದು ಹಟ ಹಿಡಿದೆ. ಆಗ ಸೋತೆ ಅಂದುಕೊಂಡಿದ್ದೆ. ಈಗ ನೋಡಿದರೆ ಆ ಮನೆಗಳಿರುವುದರಿಂದಲೇ ದಾರಿಗೆ ಜೀವ. ಸಂಜೆ ಏಳರ ಮೇಲೆ ಒಬ್ಬಂಟಿ ಹೆಣ್ಣುಮಗಳು ಅಲ್ಲಿ ನಡೆಯಬಲ್ಲಳಾದರೆ ಅದಕ್ಕೆ ಅಡುಗೆಮನೆ ಕಿಟಕಿಗಳ ಬೆಳಕು ಕಾರಣ, ನಾವು ನೆಟ್ಟ ದೀಪದ ಕಂಬಗಳಲ್ಲ. ಆ ಕಂಬಗಳನ್ನು ಎತ್ತರಕ್ಕೆ ಹಾಕಿಸಿದ್ದು ನನ್ನದೇ ತಪ್ಪು. ಮೂರು ವರ್ಷಕ್ಕೆ ಹೊಂಗೆ ಹಬ್ಬಿ ದೀಪ ಎಲೆಗಷ್ಟೇ ಬೆಳಕು ಕೊಡುತ್ತಿತ್ತು. ಮತ್ತೆ ಖರ್ಚುಮಾಡಿ ಸೊಂಟದೆತ್ತರದ ದೀಪ ಹಾಕಿಸಬೇಕಾಯಿತು.

ಪಾರ್ಕಿಂಗಿನ ಜಗಳ ಬರೆದರೆ ಬೇರೆಯದೇ ಪುರಾಣವಾದೀತು. ಬೇಸ್‌ಮೆಂಟನ್ನು ಟವರುಗಳ ಅಡಿಗಷ್ಟೇ ಸೀಮಿತ ಮಾಡಿ, ನಡುವಿನ ನೆಲವನ್ನು ಅಗೆಯದೆ ಬಿಡಿಸಿದ್ದು ನನ್ನ ದೊಡ್ಡ ಗೆಲುವು. ಹಳೆಯ ಏಳು ಮಾವಿನಮರಗಳು ಅದರಿಂದಲೇ ಉಳಿದಿವೆ.

ಅಂಗಡಿಗಳ ವಿಷಯದಲ್ಲಿ ಮಾತ್ರ ಮಲ್ಲೇಶ್ವರದಿಂದ ಕಲಿತದ್ದನ್ನು ಧೈರ್ಯವಾಗಿ ಬಳಸಿದೆ. ಹುಟ್ಟಿ ಬೆಳೆದದ್ದು ಅಲ್ಲೇ. ಮನೆಗಳ ಹಿಂದಿನ ಕನ್ಸರ್ವೆನ್ಸಿ ಓಣಿಗಳು ಮಲ ಹೊರುವವರಿಗೆಂದು ಮಾಡಿದವು. ನಮ್ಮ ಕಾಲಕ್ಕೆ ಅವು ಮಾರ್ಕೆಟ್ಟಿಗೆ ಅಡ್ಡದಾರಿಗಳು. ಜನ ನಡೆಯುವ ಕಡೆ ವ್ಯಾಪಾರ ತಾನಾಗಿ ಬರುತ್ತದೆ. ಹಾಲಿನ ಬೂತು, ಇಸ್ತ್ರಿಯವನ ಗೂಡು, ತರಕಾರಿಯವಳ ಕಟ್ಟೆ, ಮೂರನ್ನೂ ಮುಖ್ಯ ಗೇಟಿನಿಂದ ಕಿತ್ತು ಬಂಡಿದಾರಿಗೆ ತಂದೆ.

2021ರ ಸಂಕ್ರಾಂತಿಗೆ ಕನಕಪುರ ರಸ್ತೆಗುಂಟ ಸಿಲ್ಕ್ ಇನ್‌ಸ್ಟಿಟ್ಯೂಟ್‌ವರೆಗೆ ಮೆಟ್ರೊ ಓಡಿತು. ಆ ಹೊತ್ತಿಗೆ ನಿವಾಸಿಗಳ ಅಸೋಸಿಯೇಷನ್ ಹುಟ್ಟಿ, ಬಂಡಿದಾರಿಗೆ ಗೇಟು ಹಾಕಿ ಬೀಗ ಜಡಿಯಬೇಕೆಂದು ತೀರ್ಮಾನಿಸಿತ್ತು. "ಯಾರ್ಯಾರೋ ಓಡಾಡ್ತಾರೆ." ಸಭೆಗೆ ಕರೆದರು. ಗ್ರಾಮ ನಕ್ಷೆ ಹಾಸಿ, ಅದು ಊರಿನವರ ದಾರಿ, ನಮಗೆ ಮುಚ್ಚುವ ಹಕ್ಕಿಲ್ಲ ಎಂದೆ. ಯಾರೂ ಒಪ್ಪಿದ ಹಾಗೆ ಕಾಣಲಿಲ್ಲ. ಆಮೇಲೆ ಮೂರನೇ ಬ್ಲಾಕಿನ ಹಿರಿಯರೊಬ್ಬರು ಎದ್ದು, "ಬೀಗ ಹಾಕಿದರೆ ನಮ್ಮ ಮನೆ ಕೆಲಸದವಳು ಎರಡು ಕಿಲೋಮೀಟರ್ ಸುತ್ತಬೇಕು, ಬಿಟ್ಟೇ ಹೋಗ್ತಾಳೆ" ಎಂದರು. ಬೀಗದ ಮಾತು ಅಲ್ಲಿಗೆ ನಿಂತಿತು. ಈಗ ಎರಡೂ ಬದಿಯ ಬ್ಲಾಕುಗಳಿಗೆ ಮಾತ್ರ ಗೇಟಿದೆ. ನಡುವಿನ ದಾರಿಗೆ ಒಂದು ಪ್ಲಾಸ್ಟಿಕ್ ಕುರ್ಚಿ, ಅದರಲ್ಲೊಬ್ಬ ಸೆಕ್ಯುರಿಟಿ.

ಬಗೆಹರಿಯದೆ ಉಳಿದದ್ದು ಕೊನೆಯ ಎಂಬತ್ತು ಮೀಟರ್. ನಮ್ಮ ಗಡಿ ದಾಟಿದ ಮೇಲೆ ನಿಲ್ದಾಣದ ಮೆಟ್ಟಿಲವರೆಗೆ ಫುಟ್‌ಪಾತಿಲ್ಲ, ಚರಂಡಿಯ ಮೇಲಿನ ಚಪ್ಪಡಿಗಳು ಅಲ್ಲಲ್ಲಿ ಮಾಯ. ಮೂರು ಅರ್ಜಿ ಕೊಟ್ಟಾಯಿತು. ಪ್ರತಿ ಜೂನಿನಲ್ಲಿ ಇಸ್ತ್ರಿಯವನೂ ಹಾಲಿನ ಬೂತಿನವನೂ ಸೇರಿ ಎರಡು ಕಡಪ ಕಲ್ಲು ತಂದು ಹಾಸುತ್ತಾರೆ. ಕಳೆದ ಸಲ ನಾನೂ ಒಂದು ತುದಿ ಹಿಡಿದಿದ್ದೆ.