ನಿಮ್ಮ ಮನೆ ಯಾವ ಝೋನ್‌ನಲ್ಲಿದೆ? ಹರಿಕೇನ್‌ಗೆ ಮುನ್ನ ಮಾಡಿಕೊಳ್ಳಬೇಕಾದ ತಯಾರಿ

ಅಮೆರಿಕದ ಅಟ್ಲಾಂಟಿಕ್ ಅಥವಾ ಗಲ್ಫ್ ಕರಾವಳಿಯಲ್ಲಿ ವಾಸವಿರುವವರು ತಮ್ಮ ಎವಾಕ್ಯುಯೇಶನ್ ಝೋನ್ (ಹರಿಕೇನ್ ಎಂಬ ಚಂಡಮಾರುತ ಬರುವ ಮೊದಲು ಮನೆ ಖಾಲಿ ಮಾಡಿಸುವ ವಲಯ) ಯಾವುದೆಂದು ಬಾಯಿಪಾಠವಾಗಿ ತಿಳಿದಿರಬೇಕು. ಫ್ಲೋರಿಡಾದಲ್ಲಿ ಅದು ಎ, ಬಿ, ಸಿ ಎಂಬ ಅಕ್ಷರ. ನ್ಯೂಯಾರ್ಕ್ ನಗರದಲ್ಲಿ 1ರಿಂದ 6ರವರೆಗಿನ ಅಂಕಿ. ಎ ಅಥವಾ 1 ಎಂದರೆ ಎಲ್ಲರಿಗಿಂತ ಮೊದಲು ಮನೆ ಬಿಡಬೇಕಾದ ಜಾಗ. ಹರಿಕೇನ್ ಋತು ಜೂನ್ 1ಕ್ಕೆ ಶುರುವಾಗಿ ನವೆಂಬರ್ 30ಕ್ಕೆ ಮುಗಿಯುತ್ತದೆ, ಸೆಪ್ಟೆಂಬರ್ 10ರ ಆಸುಪಾಸಿನಲ್ಲಿ ಅದರ ಉತ್ತುಂಗ. ಮೇ ತಿಂಗಳಲ್ಲೇ ನಿಮ್ಮ ಕೌಂಟಿಯ (ಜಿಲ್ಲಾಡಳಿತದ) ವೆಬ್‌ಸೈಟಿನಲ್ಲಿ ವಿಳಾಸ ಹಾಕಿ ನೋಡಿ, ಕಾಗದದ ಮೇಲೆ ಬರೆದು ಫ್ರಿಜ್ಜಿಗೆ ಅಂಟಿಸಿಡಿ. ಝೋನ್‌ಗಳ ಗೆರೆಗಳನ್ನು ಆಗಾಗ ತಿದ್ದುತ್ತಾರಾದ್ದರಿಂದ ಹೋದ ವರ್ಷ ನೋಡಿದ್ದೆ ಎಂದು ಸುಮ್ಮನಿರಬೇಡಿ.

ಈ ಅಕ್ಷರ ಗಾಳಿಯ ಲೆಕ್ಕವಲ್ಲ, ನೀರಿನ ಲೆಕ್ಕ. ಹರಿಕೇನ್ ದಡಕ್ಕೆ ಬರುವಾಗ ಅದರ ಗಾಳಿ ಗಂಟೆಗಟ್ಟಲೆ ಕಡಲನ್ನು ತಳ್ಳುತ್ತದೆ. ಆಳ ಕಡಿಮೆ ಇರುವ ಕಡೆ ಆ ನೀರಿಗೆ ಬೇರೆ ದಾರಿಯಿಲ್ಲದೆ ಊರೊಳಗೆ ನುಗ್ಗುತ್ತದೆ. ಇದೇ ಸ್ಟಾರ್ಮ್ ಸರ್ಜ್. ಅಲೆಯ ಹಾಗೆ ಬಂದು ಹೋಗುವುದಲ್ಲ, ಏರಿ ನಿಲ್ಲುವ ನೀರು. ಬಿರುಗಾಳಿ ಸಾಗುವ ದಿಕ್ಕಿನ ಬಲಗಡೆ ಅದರ ಹೊಡೆತ ಹೆಚ್ಚು. ನ್ಯಾಷನಲ್ ವೆದರ್ ಸರ್ವಿಸ್‌ನವರು ‘ಸ್ಲಾಷ್’ ಎಂಬ ಕಂಪ್ಯೂಟರ್ ಮಾದರಿಯಲ್ಲಿ ಬೇರೆ ಬೇರೆ ದಿಕ್ಕು, ವೇಗ, ಗಾತ್ರದ ಬಿರುಗಾಳಿಗಳನ್ನು ಓಡಿಸಿ ಎಲ್ಲಿಗೆ ಎಷ್ಟು ನೀರು ಬರಬಹುದೆಂದು ನೋಡುತ್ತಾರೆ. ಝೋನ್‌ಗಳ ಬುನಾದಿ ಅದು. ಹಾಗಾಗಿ ಕಡಲು ಕಣ್ಣಿಗೇ ಕಾಣದ, ಕೊಲ್ಲಿಗೋ ಹೊಳೆಗೋ ಹತ್ತಿರವಿರುವ ಬಡಾವಣೆಯೂ ಎ ಆಗಿರಬಹುದು.

ಜನ ಎಡವುವುದು ಎರಡು ಕಡೆ. ಮೊದಲನೆಯದು ಕೆಟಗರಿ. ಟಿವಿಯಲ್ಲಿ ಹೇಳುವ 1ರಿಂದ 5ರ ಅಂಕಿ ಗಾಳಿಯ ವೇಗವನ್ನಷ್ಟೇ ಅಳೆಯುತ್ತದೆ: ಗಂಟೆಗೆ 74 ಮೈಲಿಗೆ ಕೆಟಗರಿ 1, 111ಕ್ಕೆ 3, 157 ದಾಟಿದರೆ 5. ನೀರು ಎಷ್ಟು ಏರುತ್ತದೆಂದು ಅದು ಹೇಳುವುದೇ ಇಲ್ಲ. 2008ರ ಐಕ್ ಹರಿಕೇನ್ ದಡ ಸೇರಿದಾಗ ಕೇವಲ ಕೆಟಗರಿ 2. ಆದರೂ ಟೆಕ್ಸಾಸ್‌ನ ಬೊಲಿವರ್ ಪರ್ಯಾಯ ದ್ವೀಪದ ಮೇಲೆ 15ರಿಂದ 20 ಅಡಿ ನೀರು ತಂದಿತು. 2005ರ ಕತ್ರೀನಾ ಕೆಟಗರಿ 3 ಆಗಿ ಬಂದು ಮಿಸಿಸಿಪ್ಪಿ ತೀರದಲ್ಲಿ ಸುಮಾರು 28 ಅಡಿ ಏರಿಸಿತು. ‘ಬರೀ ಎರಡಂತೆ, ಇದ್ದುಬಿಡೋಣ’ ಎಂಬ ಮಾತು ಜೀವ ತೆಗೆಯುವ ಮಾತು.

ಎರಡನೆಯದು ಫೆಮಾ (ಅಮೆರಿಕ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ) ನಕ್ಷೆಯ ಫ್ಲಡ್ ಝೋನ್. ಎಇ, ವಿಇ, ಎಕ್ಸ್ ಎಂಬ ಅಕ್ಷರಗಳು ಇನ್ಶೂರೆನ್ಸ್ ಮತ್ತು ಮನೆ ಸಾಲಕ್ಕೆ ಸಂಬಂಧಿಸಿದವು. ನಿಮ್ಮದು ಎಕ್ಸ್ ಆಗಿದ್ದೂ ಎವಾಕ್ಯುಯೇಶನ್ ಝೋನ್ ಬಿ ಆಗಿರಬಹುದು. ಮನೆ ಬಿಡಬೇಕೋ ಬೇಡವೋ ಎಂಬುದಕ್ಕೆ ಎವಾಕ್ಯುಯೇಶನ್ ಝೋನನ್ನು ಮಾತ್ರ ನೋಡಿ. ಇನ್ಶೂರೆನ್ಸ್ ಮಾತು ಬಂದಿದ್ದರಿಂದ ಇಲ್ಲೇ ಹೇಳಿಬಿಡುವುದು ಒಳ್ಳೆಯದು: ಸಾಮಾನ್ಯ ಮನೆ ಪಾಲಿಸಿ ನೆರೆಹಾನಿಗೆ ಹಣ ಕೊಡುವುದಿಲ್ಲ. ಸರ್ಕಾರಿ ಫ್ಲಡ್ ಪಾಲಿಸಿ ಕೊಂಡರೂ ಸಾಮಾನ್ಯವಾಗಿ 30 ದಿನ ಕಳೆದ ಮೇಲೆಯೇ ಅದು ಜಾರಿಗೆ ಬರುವುದು.

ಹೋಗುವುದಾದರೆ ಯಾವಾಗ, ಎಲ್ಲಿಗೆ

ಹರಿಕೇನ್ ವಾಚ್ (ಬರಬಹುದು ಎಂಬ ಮುನ್ಸೂಚನೆ) ಹೊರಡುವುದು ಗಂಟೆಗೆ 39 ಮೈಲಿಯ ಗಾಳಿ ಮುಟ್ಟುವ ಸುಮಾರು 48 ಗಂಟೆ ಮೊದಲು, ವಾರ್ನಿಂಗ್ (ಬರುವ ನಿರೀಕ್ಷೆಯಿದೆ ಎಂಬ ಎಚ್ಚರಿಕೆ) 36 ಗಂಟೆ ಮೊದಲು. ಹರಿಕೇನ್ ಯಾವಾಗ ದಡ ಸೇರುತ್ತದೆ ಎಂಬುದಕ್ಕಿಂತ ಈ 39 ಮೈಲಿಯ ಗಾಳಿ ಯಾವಾಗ ಬರುತ್ತದೆ ಎಂಬುದು ಮುಖ್ಯ, ಏಕೆಂದರೆ ಆಮೇಲೆ ಹೊರಗಿನ ಕೆಲಸವೂ ಪ್ರಯಾಣವೂ ಅಪಾಯ. ಎತ್ತರದ ಸೇತುವೆಗಳು ಮುಚ್ಚುತ್ತವೆ, ಆಂಬುಲೆನ್ಸ್‌ಗಳು ನಿಲ್ಲುತ್ತವೆ. ನಕ್ಷೆಯಲ್ಲಿ ಕಾಣುವ ಶಂಕುವಿನಾಕಾರದ ‘ಕೋನ್’ ಬಿರುಗಾಳಿಯ ನಡುಬಿಂದು ಎಲ್ಲಿ ಹಾದುಹೋಗಬಹುದು ಎಂಬುದನ್ನಷ್ಟೇ ತೋರಿಸುತ್ತದೆ. ಮೂರರಲ್ಲಿ ಒಂದು ಸಲ ನಡುಬಿಂದುವೇ ಅದರಿಂದ ಆಚೆ ಹೋಗುತ್ತದೆ. ಗೆರೆಯ ಹೊರಗಿದ್ದೇವೆಂದು ನಿದ್ದೆ ಮಾಡಬೇಡಿ.

ಫ್ಲೋರಿಡಾದ ಅಧಿಕಾರಿಗಳು ಹೇಳುವ ಮಾತಿನ ತಾತ್ಪರ್ಯ: ನೀರು ಬಂದರೆ ಓಡಿ, ಗಾಳಿ ಬಂದರೆ ಅಡಗಿ. ನಿಮ್ಮ ಝೋನ್‌ಗೆ ಆದೇಶ ಬಂದರೆ ಹೊರಡಿ. ಝೋನ್‌ನ ಹೊರಗಿದ್ದು, ಗಟ್ಟಿ ಮನೆಯಾಗಿದ್ದರೆ ಉಳಿಯುವುದೇ ಮೇಲು. 2005ರಲ್ಲಿ ರೀಟಾ ಬಂದಾಗ ಹ್ಯೂಸ್ಟನ್ ಕಡೆಯಿಂದ ಹೋಗಬೇಕಿಲ್ಲದವರೂ ಹೊರಟು ಹೆದ್ದಾರಿಗಳು ಕಟ್ಟಿಕೊಂಡವು. ಟೆಕ್ಸಾಸ್‌ನಲ್ಲಿ ಸತ್ತವರಲ್ಲಿ ಬಹುಪಾಲು ಜನ ಬಿರುಗಾಳಿಗೆ ಸಿಕ್ಕವರಲ್ಲ, ದಾರಿಯಲ್ಲಿದ್ದವರು. ಕಾರ್ಖಾನೆಯಲ್ಲಿ ತಯಾರಾಗಿ ಬರುವ ಹಗುರ ಮನೆಯಾದ ಮೊಬೈಲ್ ಹೋಮ್‌ನಲ್ಲಿರುವವರಿಗೆ ಮಾತ್ರ ಈ ವಿನಾಯಿತಿ ಇಲ್ಲ. ಝೋನ್ ಯಾವುದೇ ಇರಲಿ, ಗಾಳಿಯೇ ಅದನ್ನು ಉರುಳಿಸಬಲ್ಲದು.

ನೂರಾರು ಮೈಲಿ ಹೋಗಬೇಕಿಲ್ಲ. ಇಪ್ಪತ್ತು ಮೂವತ್ತು ಮೈಲಿ ಒಳನಾಡಿನಲ್ಲಿ, ಝೋನ್‌ನ ಹೊರಗಿರುವ ಸ್ನೇಹಿತರ ಮನೆ ಎಲ್ಲಕ್ಕಿಂತ ಉತ್ತಮ, ಈಗಲೇ ಕೇಳಿಟ್ಟುಕೊಳ್ಳಿ. ಶೆಲ್ಟರ್‌ನಲ್ಲಿ ಜೀವಕ್ಕೆ ರಕ್ಷಣೆಯುಂಟು, ಹಾಸಿಗೆ ಹೊದಿಕೆ ನಿಮ್ಮದೇ. ಆಕ್ಸಿಜನ್, ಡಯಾಲಿಸಿಸ್ ಬೇಕಾದ ಹಿರಿಯರಿದ್ದರೆ ಕೌಂಟಿಯ ವಿಶೇಷ ಶೆಲ್ಟರ್‌ಗೆ ಮುಂಚೆಯೇ ಹೆಸರು ಬರೆಸಿ.

ಮನೆಯಲ್ಲಿ ಇಡಬೇಕಾದ್ದು

ಕುಡಿಯುವ ನೀರು ತಲೆಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ 3.8 ಲೀಟರ್. ಮೂರು ದಿನ ಕನಿಷ್ಠ, ಏಳು ದಿನದ್ದಿದ್ದರೆ ನೆಮ್ಮದಿ: ನಾಲ್ಕು ಜನರಿಗೆ 28 ಗ್ಯಾಲನ್. ಟಾಯ್ಲೆಟ್‌ಗೆಂದು ಬಾತ್‌ಟಬ್ ತುಂಬಿಡಿ. ನಲ್ಲಿ ನೀರಿನ ಮೇಲೆ ಅನುಮಾನವಿದ್ದರೆ ಒಂದು ನಿಮಿಷ ಚೆನ್ನಾಗಿ ಕುದಿಸಿ; ಆಗದಿದ್ದರೆ ಗ್ಯಾಲನ್‌ಗೆ 6 ಶೇಕಡಾದ, ವಾಸನೆಯಿಲ್ಲದ ಬ್ಲೀಚ್ 8 ಹನಿ ಹಾಕಿ 30 ನಿಮಿಷ ಬಿಡಿ. ಋತು ಪೂರ್ತಿ ಕಾರಿನ ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯದಿರಲಿ, ಏಕೆಂದರೆ ಕರೆಂಟ್ ಹೋದರೆ ಪಂಪೂ ಇಲ್ಲ, ಎಟಿಎಮ್ಮೂ ಇಲ್ಲ. ಪಾಸ್‌ಪೋರ್ಟ್, ಗ್ರೀನ್ ಕಾರ್ಡ್ ಅಥವಾ ಐ-797 (ವಲಸೆ ಇಲಾಖೆಯ ನೋಟಿಸ್), ಪಾಲಿಸಿ ಪತ್ರ, ಔಷಧಿ ಚೀಟಿಗಳನ್ನು ಜಿಪ್ ಕವರ್‌ನಲ್ಲಿ ಹಾಕಿ ಒಂದೇ ಚೀಲದಲ್ಲಿಡಿ.

ಕಿಟಕಿಗೆ ಟೇಪ್ ಅಂಟಿಸುವುದರಿಂದ ಏನೂ ಉಪಯೋಗವಿಲ್ಲ. ಗಾಜು ಒಡೆದಾಗ ಇನ್ನೂ ದೊಡ್ಡ ಚೂರುಗಳಾಗಿ ಬೀಳಬಹುದು. ಶಟರ್ ಇಲ್ಲವಾದರೆ 5/8 ಇಂಚಿನ ಪ್ಲೈವುಡ್ ಬೇಕು. ಮೊದಲೇ ಅಳತೆಗೆ ಕತ್ತರಿಸಿ, ತೂತು ಕೊರೆದು, ಯಾವ ಕಿಟಕಿಯದೆಂದು ಬರೆದಿಡಿ. ಗರಾಜ್ ಬಾಗಿಲನ್ನು ಅನೇಕರು ಮರೆಯುತ್ತಾರೆ. ಅದು ಒಳಕ್ಕೆ ಕುಸಿದರೆ ಗಾಳಿ ಮನೆಯೊಳಗೆ ತುಂಬಿ ಛಾವಣಿಯನ್ನು ಕೆಳಗಿನಿಂದ ಎತ್ತುತ್ತದೆ.

ಗಾಳಿ ನಿಂತ ಮೇಲೆ

ಗಾಳಿ ಥಟ್ಟನೆ ನಿಂತು ಆಕಾಶ ತಿಳಿಯಾದರೆ ಹೊರಗೆ ಹೋಗಬೇಡಿ; ಅದು ಹರಿಕೇನ್‌ನ ಕಣ್ಣು ಇರಬಹುದು, ಸ್ವಲ್ಪ ಹೊತ್ತಿಗೆ ಎದುರು ದಿಕ್ಕಿನಿಂದ ಅಷ್ಟೇ ಜೋರಾಗಿ ಬೀಸುತ್ತದೆ. ಜನರೇಟರ್ ಮನೆಯಿಂದ 20 ಅಡಿ ದೂರ, ಹೊಗೆ ಆಚೆ ಮುಖವಾಗಿ ಇರಬೇಕು. ಗರಾಜ್ ಬಾಗಿಲು ತೆರೆದಿಟ್ಟರೆ ಸಾಕೆಂದುಕೊಳ್ಳುವವರಿದ್ದಾರೆ, ಸಾಲದು. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ, ಮಲಗಿದವರು ಏಳುವುದಿಲ್ಲ. ಬ್ಯಾಟರಿಯ ಅಲಾರ್ಮ್ ಒಂದನ್ನು ಮಲಗುವ ಕೋಣೆಯ ಬಳಿ ಹಾಕಿ.

ಬಾಗಿಲು ತೆರೆಯದಿದ್ದರೆ ಫ್ರಿಜ್ 4 ಗಂಟೆ, ತುಂಬಿದ ಫ್ರೀಜರ್ 48 ಗಂಟೆ ತಡೆಯುತ್ತದೆ. ರಸ್ತೆಯ ಮೇಲೆ ಹರಿಯುವ ನೀರು 12 ಇಂಚಿದ್ದರೂ ಸಣ್ಣ ಕಾರನ್ನು ಕೊಚ್ಚಿಕೊಂಡು ಹೋಗಬಲ್ಲದು. ಉಪ್ಪುನೀರಿನಲ್ಲಿ ಮುಳುಗಿದ ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ದಿನಗಳ ನಂತರವೂ ಹೊತ್ತಿಕೊಳ್ಳಬಹುದು, 2022ರ ಇಯಾನ್ ಆದಮೇಲೆ ಹಾಗೇ ಆಯಿತು. ಅದನ್ನು ಮನೆಯಿಂದ 50 ಅಡಿ ದೂರಕ್ಕೆ ಎಳೆಸಿ. ಒಳಗೆ ನೀರು ಬಂದಿದ್ದರೆ ಗುಡಿಸುವ ಮೊದಲು ಗೋಡೆಯ ಮೇಲಿನ ನೀರಿನ ಗುರುತು ಸಹಿತ ಫೋಟೋ ತೆಗೆದುಕೊಳ್ಳಿ. ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಮೇನ್ ಬ್ರೇಕರ್ ಮುಟ್ಟಬೇಡಿ.