ಹಳೆಯ ಹೊಲಿಗೆ ಯಂತ್ರದ ವಿಚಿತ್ರ ಸದ್ದು: ಮೂಲ ಹುಡುಕುವುದು ಹೇಗೆ?

ಬೇರೆಯವರ ಕೈಯಲ್ಲಿ ದುಡಿದು ಬಂದ ಇಂಡಸ್ಟ್ರಿಯಲ್ ಹೊಲಿಗೆ ಯಂತ್ರ ಟಕಟಕ ಎಂದೋ ಕಿರ್ರೆಂದೋ ಸದ್ದು ಮಾಡತೊಡಗಿದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಸ್ಕ್ರೂಡ್ರೈವರ್ ಕಡೆಗೆ. ದಯವಿಟ್ಟು ಅದನ್ನು ಬದಿಗಿಡಿ. ಗೊತ್ತಿಲ್ಲದೆ ಸಡಿಲಿಸಿದ ಒಂದೇ ಸ್ಕ್ರೂ ಸಾಕು, ಸೂಜಿಗೂ, ಕೆಳಗೆ ತಿರುಗುತ್ತಾ ಸೂಜಿಯ ದಾರವನ್ನು ಹಿಡಿಯುವ ಹುಕ್ಕಿಗೂ ಇರುವ ಹೊಂದಾಣಿಕೆ ತಪ್ಪಿಹೋಗುತ್ತದೆ. ಸಣ್ಣ ತೊಂದರೆ ದೊಡ್ಡದಾಗುತ್ತದೆ. ಬಿಚ್ಚುವ ಮೊದಲು ಸದ್ದು ಯಾವ ಭಾಗದ್ದೆಂದು ತಿಳಿದುಕೊಳ್ಳಬೇಕು. ಒಂದು ಸೂಜಿಯ, ಮೇಲಿನ ಕೆಳಗಿನ ದಾರಗಳನ್ನು ಹೆಣೆಯುವ ಸಾಮಾನ್ಯ ಲಾಕ್‌ಸ್ಟಿಚ್ ಯಂತ್ರದಲ್ಲಿ ಅದನ್ನು ಪತ್ತೆ ಮಾಡುವ ಕ್ರಮ ಹೀಗಿದೆ.

ಓಡಿಸುವ ಮುನ್ನ ಎಣ್ಣೆ

ಸಾಗಿಸುವಾಗ ಎಣ್ಣೆಯನ್ನು ಬಸಿದು ತೆಗೆಯುವುದು ವಾಡಿಕೆ. ಆಮೇಲೆ ತುಂಬಲು ಮರೆತು ಓಡಿಸಿದರೆ ಒಣ ಲೋಹ ಕೀರಲು ದನಿ ಎಬ್ಬಿಸುತ್ತದೆ. ಯಂತ್ರದ ತಲೆಯನ್ನು (ಮೇಜಿನ ಮೇಲೆ ಕೂತ ಹೊಲಿಯುವ ಭಾಗವನ್ನು) ಹಿಂದಕ್ಕೆ ವಾಲಿಸಿ ಕೆಳಗಿನ ತಟ್ಟೆಯನ್ನು ನೋಡಿ. ಎಣ್ಣೆಯ ಮಟ್ಟ ಅಲ್ಲಿರುವ ಮೇಲಿನ ಮತ್ತು ಕೆಳಗಿನ ಎರಡು ಗುರುತುಗಳ ನಡುವೆ ಇರಬೇಕು. ಹೊಲಿಗೆ ಯಂತ್ರಕ್ಕೆಂದೇ ಮಾರುವ ತೆಳುವಾದ ತಿಳಿ ಎಣ್ಣೆಯನ್ನೇ ಹಾಕಿ. ಅಡುಗೆ ಎಣ್ಣೆ ಅಂಟಾಗಿ ಗಟ್ಟಿಯಾಗುತ್ತದೆ. ಬಹುಕಾಲ ನಿಂತಿದ್ದ ಯಂತ್ರವಾದರೆ ಸೂಜಿದಂಡಕ್ಕೂ ಹುಕ್ಕಿಗೂ ಒಂದೆರಡು ತೊಟ್ಟು ಬಿಟ್ಟು, ಕೈಯಿಂದ ತಿರುಗಿಸಿ, ನಂತರ ನಿಧಾನವಾಗಿ ಓಡಿಸಿ. ಮೇಲಿನ ಗಾಜಿನ ಕಿಂಡಿಯಲ್ಲಿ ಎಣ್ಣೆ ಚಿಮ್ಮುವುದು ಕಾಣದಿದ್ದರೆ ಕೂಡಲೇ ನಿಲ್ಲಿಸಿ.

ಬಟ್ಟೆಯಿಲ್ಲದೆ ಓಡಿಸುವಾಗ ಪ್ರೆಷರ್ ಫೂಟ್ (ಬಟ್ಟೆಯನ್ನು ಒತ್ತಿಹಿಡಿಯುವ ಪಾದ) ಎತ್ತಿರಲಿ. ಇಳಿಸಿದ್ದರೆ ಬಟ್ಟೆ ದೂಡುವ ಹಲ್ಲುಗಳು ಅದಕ್ಕೆ ಉಜ್ಜಿ ಕಟಕಟ ಎನ್ನುತ್ತವೆ. ಬಾಬಿನ್ ಸುತ್ತುವ ಚಕ್ರ ಬೆಲ್ಟಿಗೆ ತಾಗಿಕೊಂಡೇ ಉಳಿದಿಲ್ಲವೆಂಬುದನ್ನೂ ನೋಡಿ.

ಮೋಟರಿನದೋ, ತಲೆಯದೋ?

ಸ್ವಿಚ್ ಆರಿಸಿದರೂ ಕ್ಲಚ್ ಮೋಟರ್ ಬಹಳ ಹೊತ್ತು ತಿರುಗುತ್ತಲೇ ಇರುತ್ತದೆ. ಅದು ಪೂರ್ತಿ ನಿಂತ ಮೇಲೆ, ಪೆಡಲ್ ಒತ್ತಿದರೂ ಏನೂ ಅಲುಗುವುದಿಲ್ಲವೆಂದು ಖಚಿತಪಡಿಸಿಕೊಂಡು ಬೆಲ್ಟ್ ಕಳಚಿ. ಈಗ ಮೋಟರನ್ನು ಮಾತ್ರ ಓಡಿಸಿ. ಕ್ಲಚ್ ಮೋಟರಿಗೆ ಸುಮ್ಮನಿದ್ದಾಗಲೂ ಗುಂಯ್‌ಗುಡುವುದು ಸಹಜ. ಸರ್ವೋ ಮೋಟರ್ ಪೆಡಲ್ ಒತ್ತುವವರೆಗೆ ಸದ್ದಿಲ್ಲದೆ ಇರುತ್ತದೆ. ಗರಗರ ಸದ್ದು ಈಗಲೂ ಕೇಳಿದರೆ ಬೇರಿಂಗ್ ಸವೆದಿರುವ ಸಾಧ್ಯತೆ ಹೆಚ್ಚು. ಮೋಟರ್ ಸರಿಯಿದ್ದರೆ ಬೆಲ್ಟಿನಲ್ಲಿ ಬಿರುಕಿದೆಯೇ, ಪುಲಿಯ (ಬೆಲ್ಟ್ ಕೂರುವ ಗಾಲಿಯ) ಸ್ಕ್ರೂ ಸಡಿಲವೇ ಎಂದು ಪರೀಕ್ಷಿಸಿ. ಪುಲಿ ಸಡಿಲವಾಗಿದ್ದರೆ ಬರುವ ಬಡಿತ ಒಳಗಿನ ದೊಡ್ಡ ದೋಷದಂತೆಯೇ ಕೇಳಿಸುತ್ತದೆ.

ಚಕ್ರದ ಒಂದು ಸುತ್ತಿನಲ್ಲಿ ಎಷ್ಟು ಬಡಿತ?

ನನ್ನ ಮಟ್ಟಿಗೆ ಇಡೀ ಪರೀಕ್ಷೆಯಲ್ಲಿ ಅತ್ಯಂತ ಉಪಯುಕ್ತವಾದ ಹಂತ ಇದು. ಸಲಕರಣೆ ಏನೂ ಬೇಡ, ಒಂದು ಚೂರು ಸೀಮೆಸುಣ್ಣ ಸಾಕು. ವಿದ್ಯುತ್ ಆರಿಸಿ, ಬೆಲ್ಟ್ ಕಳಚಿದಂತೆಯೇ ಇರಲಿ. ಸೂಜಿಯನ್ನೂ ಬಾಬಿನ್ ಕೇಸನ್ನೂ ತೆಗೆದು, ಕೈಚಕ್ರದ ಮೇಲೆ ಗುರುತು ಹಾಕಿ, ನಿಮ್ಮ ಕಡೆಗೆ ನಿಧಾನವಾಗಿ ತಿರುಗಿಸುತ್ತಾ ಎಣಿಸಿ. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಸೂಜಿದಂಡ ಒಮ್ಮೆ ಇಳಿದು ಏರುತ್ತದೆ. ಕೆಳಗಿನ ಹುಕ್ ಎರಡು ಸುತ್ತು ತಿರುಗುತ್ತದೆ. ಆದ್ದರಿಂದ ಸುತ್ತಿಗೆ ಎರಡು ಟಕ್ ಕೇಳಿದರೆ ಮೊದಲು ಹುಕ್ಕನ್ನೇ ಅನುಮಾನಿಸಿ. ಒಂದೇ ಟಕ್ ಆದರೆ ಸೂಜಿದಂಡ, ದಾರ ಎಳೆಯುವ ಸನ್ನೆ ಅಥವಾ ಬಟ್ಟೆ ದೂಡುವ ಹಲ್ಲುಗಳತ್ತ ನೋಡಿ.

ಹುಕ್ಕಿನಲ್ಲಿ ಸಾಮಾನ್ಯವಾಗಿ ಸಿಗುವುದು ದಾರದ ತುಂಡು, ಹಿಂಬದಿಗೆ ಸುತ್ತಿಕೊಂಡು ಕಣ್ಣಿಗೇ ಬೀಳದಂತೆ ಅಡಗಿರುತ್ತದೆ. ಒಂದು ತೊಟ್ಟು ಎಣ್ಣೆ ಬಿಟ್ಟು, ಚಕ್ರವನ್ನು ಹಿಂದೆ ಮುಂದೆ ಆಡಿಸಿ, ಚಿಮುಟದಿಂದ ಎಳೆದು ತೆಗೆಯಿರಿ. ಹುಕ್ಕಿನೊಳಗೆ ಬಾಬಿನ್ ಕೇಸ್ ಕೂರುವ ಬುಟ್ಟಿ ತಿರುಗದಂತೆ ತಡೆಯುವ ಪುಟ್ಟ ತುಂಡು ಬಿಗಿಯಾಗಿದೆಯೇ ನೋಡಿ. ಆದರೆ ಬುಟ್ಟಿಗೂ ಅದಕ್ಕೂ ನಡುವೆ ದಾರ ಸರಾಗವಾಗಿ ಹಾಯುವಷ್ಟು ಜಾಗ ಇರಲೇಬೇಕು.

ಒಂದೇ ಟಕ್ ಇದ್ದರೆ ಹೊಲಿಗೆಯ ಉದ್ದವನ್ನು ಸೊನ್ನೆಗೆ ತಂದು ಮತ್ತೆ ತಿರುಗಿಸಿ. ಸದ್ದು ಮಾಯವಾದರೆ ಹಲ್ಲುಗಳು ಸೂಜಿ ತಟ್ಟೆಯ ಸೀಳಿನ ಅಂಚಿಗೆ ಬಡಿಯುತ್ತಿವೆ ಎಂದರ್ಥ. ತಟ್ಟೆ ಬಿಚ್ಚಿ, ಅಡಿಯಲ್ಲಿ ಒತ್ತಿಕೊಂಡು ಗಟ್ಟಿಯಾದ ನೂಲಿನ ಧೂಳನ್ನು ಕೆರೆದು ತೆಗೆದರೆ ಬಹಳಷ್ಟು ಸಲ ಅಲ್ಲಿಗೇ ಮುಗಿಯುತ್ತದೆ.

ಸೂಜಿ ಹಾಕಿದ ಮೇಲಷ್ಟೇ ಸದ್ದು ಬಂದರೆ ಸೂಜಿ ಹುಕ್ಕಿಗೋ ತಟ್ಟೆಗೋ ತಾಗುತ್ತಿದೆ. ಗಾಜಿನ ಮೇಲೆ ಉರುಳಿಸಿದರೆ ಸೂಜಿಯ ಬಾಗು ತಿಳಿಯುತ್ತದೆ. ಬಾಗಿಲ್ಲದಿದ್ದರೆ ಸೂಜಿಯ ಬಗೆಯನ್ನು ಪರೀಕ್ಷಿಸಿ. ಡಿಬಿ×1 ಸೂಜಿಯ ಬುಡ ಸುಮಾರು 1.6 ಮಿಲಿಮೀಟರ್ ದಪ್ಪ, ಡಿಪಿ×5 ಸೂಜಿಯದು ಸುಮಾರು 2 ಮಿಲಿಮೀಟರ್. ದಪ್ಪ ಬುಡದ ಸೂಜಿಗೆಂದು ಸೂಜಿದಂಡದಲ್ಲಿರುವ ರಂಧ್ರಕ್ಕೆ ತೆಳ್ಳನೆಯದನ್ನು ಹಾಕಿದರೆ ಅದು ಒಂದು ಬದಿಗೆ ಸರಿದು ಕೂರುತ್ತದೆ. ಹಿಂದಿನವರು ಸೂಜಿಯ ಬಗೆ ಬದಲಿಸಿರಬಹುದು, ಆದ್ದರಿಂದ ಯಂತ್ರದೊಂದಿಗೆ ಬಂದ ಸೂಜಿಯನ್ನೇ ನಂಬಬೇಡಿ.

ಮೆಕ್ಯಾನಿಕ್‌ಗೆ ಬಿಡಬೇಕಾದದ್ದು

ಕೈಚಕ್ರವನ್ನು ದಂಡದ ನೇರಕ್ಕೆ ಒಳಗೆ ಹೊರಗೆ ಎಳೆದಾಡಿ. ಟಕ್ಕೆಂದು ಜಾರಿದರೆ ಮುಖ್ಯ ದಂಡದಲ್ಲಿ ಸಡಿಲಿದೆ. ಅದನ್ನೂ, ಹುಕ್ಕಿನ ಟೈಮಿಂಗನ್ನೂ (ಸೂಜಿಯ ಚಲನೆಗೆ ಹುಕ್ ಹೊಂದಿಕೊಳ್ಳುವ ಸಮಯವನ್ನೂ) ಅನುಭವವಿಲ್ಲದೆ ಮುಟ್ಟಬಾರದು; ಹುಕ್ಕಿಗೂ ಸೂಜಿಗೂ ಇರಬೇಕಾದ ಅಂತರ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಮೆಕ್ಯಾನಿಕ್‌ನನ್ನು ಕರೆದಾಗ ಚಕ್ರದ ಒಂದು ಸುತ್ತಿನಲ್ಲಿ ಎಷ್ಟು ಬಡಿತ, ಬೆಲ್ಟ್ ಇಲ್ಲದೆಯೂ ಸದ್ದು ಇತ್ತೇ, ಸೂಜಿ ತೆಗೆದಾಗ ಏನಾಯಿತು ಎಂಬುದನ್ನು ಮೊದಲೇ ತಿಳಿಸಿ. ಯಾವ ಬಿಡಿಭಾಗ ತರಬೇಕೆಂದು ಅವರಿಗೆ ಆಗಲೇ ಅಂದಾಜು ಸಿಗುತ್ತದೆ.